ಆಫರ್ ಒಪ್ಪಿದ್ದಾರೆ, ಮನೆ ಮಾತ್ರ ಇನ್ನೂ ನಿಮ್ಮದಲ್ಲ: ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಕಾನೂನಿನ ಒಳಸುಳಿ

2025ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಪ್ರಸ್ತಾಪ ಮುಂದಿಟ್ಟಿತು. ಮನೆ ಮಾರುವವರು ಅದರ ವಿವರಗಳನ್ನೆಲ್ಲ ಮಾರಾಟಕ್ಕೆ ಇಡುವಾಗಲೇ ಕೊಡಬೇಕು. ಬೇಕಿದ್ದವರು ಶುರುವಿನಲ್ಲೇ ಹಿಂದೆ ಸರಿಯಲಾಗದಂಥ ಒಪ್ಪಂದ ಮಾಡಿಕೊಳ್ಳಬಹುದು. ತಿರುಳು ಇಷ್ಟೇ. ಇದರಿಂದ ಖರೀದಿ ಸುಮಾರು ನಾಲ್ಕು ವಾರ ಬೇಗ ಮುಗಿಯುತ್ತದೆ, ಮೊದಲ ಮನೆ ಕೊಳ್ಳುವವರಿಗೆ ಸರಾಸರಿ 710 ಪೌಂಡ್ ಉಳಿಯುತ್ತದೆ ಅನ್ನುವುದು ಸರ್ಕಾರದ ಲೆಕ್ಕ.

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಮನೆ ಹುಡುಕುತ್ತಿರುವ ನಮ್ಮವರಿಗೆ ಈ ಸುದ್ದಿ ಓದಿದಾಗ ಏಳುವ ಪ್ರಶ್ನೆ ಒಂದೇ. ಹಾಗಾದರೆ ಈಗ ಆಗುತ್ತಿರುವ ಒಪ್ಪಂದ ಒಪ್ಪಂದವೇ ಅಲ್ವಾ?

ಅಲ್ಲ. ಉಳಿದ ಗೊಂದಲಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಟೋಕನ್ ಇಲ್ಲದ ಮಾತು

ಕರ್ನಾಟಕದಲ್ಲಿ ವ್ಯಾಪಾರ ಕುದುರಿದರೆ ಟೋಕನ್ ಕೊಡುತ್ತೇವೆ. ಕೆಲವು ದಿನಗಳಲ್ಲಿ ಅಗ್ರಿಮೆಂಟ್ ಆಗುತ್ತದೆ, ಮುಂಗಡ ಕೈ ಸೇರುತ್ತದೆ. ಆಮೇಲೆ ಯಾರಾದರೂ ತಿರುಗಿ ಬಿದ್ದರೆ ಹಿಡಿದುಕೊಳ್ಳಲು ಒಂದು ಕಾಗದವಾದರೂ ಇರುತ್ತದೆ.

ಇಂಗ್ಲೆಂಡಿನಲ್ಲಿ ಎಸ್ಟೇಟ್ ಏಜೆಂಟ್ ಫೋನ್ ಮಾಡಿ "ನಿಮ್ಮ ಆಫರ್ ಒಪ್ಪಿದ್ದಾರೆ" ಅಂದ ದಿನ ಕಾನೂನಿನ ಕಣ್ಣಲ್ಲಿ ಏನೂ ಆಗಿರುವುದಿಲ್ಲ. 1989ರ ಆಸ್ತಿ ಕಾನೂನಿನ ಪ್ರಕಾರ ಭೂಮಿ ಮಾರಾಟದ ಕರಾರು ಬರಹದಲ್ಲಿರಬೇಕು, ಎಲ್ಲ ಷರತ್ತುಗಳೂ ಅದರಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಏಜೆಂಟ್ ಕಳಿಸುವ ಪತ್ರದಲ್ಲೂ "ಕರಾರಿಗೆ ಒಳಪಟ್ಟು" ಎಂಬ ಸಾಲು ಇದ್ದೇ ಇರುತ್ತದೆ.

ಹೀಗಾಗಿ ತಿಂಗಳುಗಟ್ಟಲೆ ಎರಡೂ ಕಡೆಯವರು ಅತಂತ್ರವಾಗಿಯೇ ಇರುತ್ತಾರೆ. ಜಾಸ್ತಿ ಬೆಲೆ ಕೊಡುವವರು ಬಂದರೆ ಮಾರುವವರು ನಿಮ್ಮನ್ನು ಬಿಟ್ಟು ಅವರ ಕೈ ಹಿಡಿಯಬಹುದು. ಇದಕ್ಕೆ ಗಜಂಪಿಂಗ್ ಅನ್ನುತ್ತಾರೆ. ಕೊಳ್ಳುವವರು ಕೊನೆ ಗಳಿಗೆಯಲ್ಲಿ ಹತ್ತು ಸಾವಿರ ಇಳಿಸಿ, ಇಲ್ಲಾಂದ್ರೆ ಬೇಡ ಎಂದು ಕೂರುವುದು ಗಜಂಡರಿಂಗ್. ಎರಡೂ ಕೆಟ್ಟ ನಡತೆ ಹೌದು, ಕಾನೂನುಬಾಹಿರವಲ್ಲ. ಅಷ್ಟರಲ್ಲಿ ಮನೆಯ ಸ್ಥಿತಿ ತಪಾಸಣೆ ಮಾಡುವ ಸರ್ವೆಗೆ, ಖರೀದಿಯ ಕಾನೂನು ಕೆಲಸ ನೋಡುವ ವಕೀಲರಿಗೆ (ಸಾಲಿಸಿಟರ್), ದಾಖಲೆ ಹುಡುಕಿಸುವ ಸರ್ಚ್‌ಗಳಿಗೆ ನೀವು ಕೊಟ್ಟ ದುಡ್ಡು ಮಾತ್ರ ನೀರಲ್ಲಿ ಹೋಮ ಮಾಡಿದ ಹಾಗೆ.

ಒಂದು ಫೋನ್ ಕರೆ, ಒಂದು ಪೆನ್ನು

ಹಾಗಾದರೆ 'ಹೌದು' ನಿಜಕ್ಕೂ ಹೌದಾಗುವುದು ಯಾವಾಗ? ಎಕ್ಸ್‌ಚೇಂಜ್ ದಿನ, ಅಂದರೆ ಸಹಿಯಾದ ಕರಾರುಗಳು ಅದಲುಬದಲಾಗುವ ದಿನ. ಅದು ನಡೆಯುವ ರೀತಿ ನೋಡಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಗಲಾಟೆ ಕಂಡವರಿಗೆ ಇಷ್ಟೇನಾ ಅನ್ನಿಸುತ್ತದೆ.

ಕರಾರಿನ ಎರಡು ಪ್ರತಿ ಇರುತ್ತವೆ. ಒಂದಕ್ಕೆ ಕೊಳ್ಳುವವರು, ಇನ್ನೊಂದಕ್ಕೆ ಮಾರುವವರು ಎಷ್ಟೋ ದಿನ ಮೊದಲೇ ಸಹಿ ಹಾಕಿ ತಮ್ಮ ತಮ್ಮ ಸಾಲಿಸಿಟರ್‌ಗೆ ಕೊಟ್ಟಿರುತ್ತಾರೆ. ತಾರೀಖಿನ ಜಾಗ ಖಾಲಿ. ಎಲ್ಲ ಸಿದ್ಧವಾದ ದಿನ ಒಬ್ಬ ಸಾಲಿಸಿಟರ್ ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ. ಬೆಲೆ, ಡೆಪಾಸಿಟ್, ಮನೆ ಬಿಟ್ಟುಕೊಡುವ ದಿನ ಓದಿ ತಾಳೆ ನೋಡುತ್ತಾರೆ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯ 'ಫಾರ್ಮುಲಾ ಬಿ' ಎಂಬ ಕ್ರಮದ ಪ್ರಕಾರ ಎಕ್ಸ್‌ಚೇಂಜ್ ಮಾಡೋಣ ಅನ್ನುತ್ತಾರೆ. ಇಬ್ಬರೂ ಪೆನ್ನಿನಲ್ಲಿ ತಾರೀಖು ತುಂಬುತ್ತಾರೆ, ಗಂಟೆ ನಿಮಿಷ ಬರೆದಿಟ್ಟುಕೊಳ್ಳುತ್ತಾರೆ. ಮುಗಿಯಿತು. ನೀವು ಆ ಹೊತ್ತಿಗೆ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದಿರಬಹುದು. ಆದರೂ ಆ ನಿಮಿಷದಿಂದ ಹಿಂದೆ ಸರಿಯುವ ದಾರಿ ಮುಚ್ಚಿರುತ್ತದೆ.

ಡೆಪಾಸಿಟ್ ಸಾಮಾನ್ಯವಾಗಿ ಬೆಲೆಯ ಶೇ 10. ನಾಲ್ಕು ಲಕ್ಷ ಪೌಂಡಿನ ಮನೆಗೆ ನಲವತ್ತು ಸಾವಿರ. ಹೇಳಿದ ದಿನ ಬಾಕಿ ಹಣ ಕಟ್ಟದಿದ್ದರೆ ಮಾರುವವರು ನೋಟಿಸ್ ಕೊಡುತ್ತಾರೆ. ಹತ್ತು ಕೆಲಸದ ದಿನ ಕಳೆದರೂ ಹಣ ಬರದಿದ್ದರೆ ಆ ನಲವತ್ತು ಸಾವಿರ ಅವರದು, ಮನೆಯನ್ನು ಬೇರೆಯವರಿಗೂ ಮಾರಬಹುದು. ಮಾರುವವರೇ ಕೈಕೊಟ್ಟರೆ ನಿಮ್ಮ ಡೆಪಾಸಿಟ್ ವಾಪಸ್ ಬರುತ್ತದೆ, ನಷ್ಟ ಕೇಳಬಹುದು, ಮನೆಯನ್ನೇ ಕೊಡಿಸಿ ಎಂದು ಕೋರ್ಟಿಗೂ ಹೋಗಬಹುದು. ಬ್ಯಾಂಕಿನ ಸಾಲದ ಪತ್ರ ಕೈಗೆ ಬರುವ ಮೊದಲು ಎಕ್ಸ್‌ಚೇಂಜ್ ಬೇಡ ಎಂದು ಸಾಲಿಸಿಟರ್‌ಗಳು ಹಟ ಹಿಡಿಯುವುದು ಇದಕ್ಕೇ.

ಒಂದು ಚಿಕ್ಕ ವಿಷಯ ಹಲವರಿಗೆ ತಪ್ಪಿಹೋಗುತ್ತದೆ. ಸಾಮಾನ್ಯವಾಗಿ ಬಳಸುವ ಕರಾರಿನ ಷರತ್ತಿನ ಪ್ರಕಾರ ಮನೆಯ ಹೊಣೆ ಎಕ್ಸ್‌ಚೇಂಜ್ ಆದ ಕೂಡಲೇ ಕೊಳ್ಳುವವರ ಮೇಲೆ ಬೀಳುತ್ತದೆ. ಕೀಲಿ ಕೈಗೆ ಬರಲು ಇನ್ನೂ ಎರಡು ವಾರ ಇದ್ದರೂ ಮನೆಗೆ ಇನ್ಶೂರೆನ್ಸ್ ಅವತ್ತಿನಿಂದಲೇ ಬೇಕು.

ಮೂರರಲ್ಲಿ ಒಂದು ಯಾಕೆ ಮುರಿಯುತ್ತದೆ

ಸರ್ಕಾರವೇ ಹೇಳುವಂತೆ ಮೂರರಲ್ಲಿ ಸುಮಾರು ಒಂದು ಮಾರಾಟ ಅರ್ಧಕ್ಕೇ ಬೀಳುತ್ತದೆ. ಜನರ ಮನಸ್ಸು ಚಂಚಲ ಅನ್ನುವುದು ಸುಲಭದ ಉತ್ತರ. ಆದರೆ ಕೆಲಸ ನಡೆಯುವ ಕ್ರಮದಲ್ಲೇ ದೋಷ ಇದೆ.

ಇಲ್ಲಿ ಮೊದಲು ಬೆಲೆ ನಿಲ್ಲುತ್ತದೆ, ಆಮೇಲೆ ಮನೆಯ ಹುಳುಕು ಹುಡುಕುವ ಕೆಲಸ. "ಕೊಳ್ಳುವವನೇ ಎಚ್ಚರವಾಗಿರಬೇಕು" ಎಂಬ ಹಳೆಯ ನಿಯಮವೇ ಇಂದಿಗೂ ತಳಪಾಯ. ತಾರಸಿ ಸೋರುತ್ತದೆ ಎಂದು ಮಾರುವವರು ತಾವಾಗಿ ಹೇಳಬೇಕಿಲ್ಲ. ಸರ್ವೆಯರ್ ಕಳಿಸಿ ನೀವೇ ಕಂಡುಕೊಳ್ಳಬೇಕು. ಪಕ್ಕದಲ್ಲಿ ರಸ್ತೆ ಬರುತ್ತದೆಯೇ, ಚರಂಡಿ ಯಾರದು, ನೆರೆ ಬರುವ ಜಾಗವೇ, ಕೆಳಗೆ ಹಳೆಯ ಕಲ್ಲಿದ್ದಲು ಗಣಿ ಇದೆಯೇ ಎಂಬುದನ್ನೆಲ್ಲ ಕೊಳ್ಳುವವರ ಖರ್ಚಿನಲ್ಲಿ ಸರ್ಚ್ ಮಾಡಿಸಬೇಕು. ಕೌನ್ಸಿಲ್‌ನಿಂದ ಉತ್ತರ ಬರಲು ಕೆಲವು ಕಡೆ ವಾರಗಳೇ ಹಿಡಿಯುತ್ತವೆ. ಒಪ್ಪಿದ ಬೆಲೆಗೆ ಹೊಂದದ ಸತ್ಯ ಮೂರನೇ ತಿಂಗಳಲ್ಲಿ ಹೊರಬಿದ್ದರೆ ಮತ್ತೆ ಚೌಕಾಸಿ, ಇಲ್ಲವೇ ಗುಡ್‌ಬೈ.

ಇದರ ಮೇಲೆ ಚೈನ್. ನಿಮಗೆ ಮನೆ ಮಾರುವವರು ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ, ಅದನ್ನು ಮಾರುವವರು ಮತ್ತೊಂದನ್ನು. ಎಲ್ಲರೂ ಒಂದೇ ದಿನ ಎಕ್ಸ್‌ಚೇಂಜ್ ಆಗಬೇಕು. ಐದು ಕೊಂಡಿಯಲ್ಲಿ ಒಂದು ಕಳಚಿದರೆ ಐದೂ ನೆಲಕ್ಕೆ.

32 ಮಿಲಿಯನ್ ಪೌಂಡಿನ ಮನೆಯೊಳಗೆ ಪತಂಗ

ಹಾಗಂತ ಮಾರುವವರು ಸುಳ್ಳು ಹೇಳಿ ಪಾರಾಗಬಹುದೇ? ಬಾಯಿ ಮುಚ್ಚಿಕೊಂಡಿರುವುದು ಬೇರೆ, ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಡುವುದು ಬೇರೆ. ಈ ಎರಡರ ನಡುವಿನ ಗೆರೆ 2025ರ ಫೆಬ್ರವರಿಯಲ್ಲಿ ಬಂದ ಹೈಕೋರ್ಟ್ ತೀರ್ಪಿನಲ್ಲಿ ಚೆನ್ನಾಗಿ ಕಾಣುತ್ತದೆ.

ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಒಂದು ಬಂಗಲೆ. 2019ರಲ್ಲಿ 32.5 ಮಿಲಿಯನ್ ಪೌಂಡಿಗೆ ಮಾರಾಟವಾಯಿತು. ಒಳಗೆ ಹೋದ ಕೆಲವೇ ದಿನಗಳಲ್ಲಿ ಬಟ್ಟೆ ತಿನ್ನುವ ಪತಂಗಗಳು ಹಾರಾಡತೊಡಗಿದವು. ಹಲ್ಲುಜ್ಜುವ ಬ್ರಷ್ ಮೇಲೆ, ವೈನ್ ಗ್ಲಾಸಿನ ಮೇಲೆಲ್ಲ ಅವೇ. ಚಳಿ ತಡೆಯಲು ಕಟ್ಟಡದೊಳಗೆ ತುಂಬಿದ್ದ ಉಣ್ಣೆಯಲ್ಲಿ ಅವು ಮನೆ ಮಾಡಿಕೊಂಡಿದ್ದವು. ಕೊಳ್ಳುವ ಮೊದಲು ಹುಳುಹುಪ್ಪಟೆಯ ಕಾಟ ಇದೆಯೇ ಎಂದು ಲಿಖಿತವಾಗಿ ಕೇಳಲಾಗಿತ್ತು. ಗೊತ್ತಿಲ್ಲ ಎಂಬ ಉತ್ತರ ಬಂದಿತ್ತು. ಮಾರಿದವರು ಅದಕ್ಕೂ ಮೊದಲೇ ಪತಂಗ ಕೊಲ್ಲುವವರನ್ನು ಕರೆಸಿ ವರದಿ ಪಡೆದಿದ್ದರು. ಕೋರ್ಟ್ ಮಾರಾಟವನ್ನೇ ರದ್ದು ಮಾಡಿತು: ಮನೆ ವಾಪಸ್, ವಾಸ ಮಾಡಿದ್ದಕ್ಕೆ ಒಂದಿಷ್ಟು ಮುರಿದುಕೊಂಡು ಹಣವೂ ವಾಪಸ್, ಮೇಲೆ ನಷ್ಟಭರ್ತಿ.

ನಮ್ಮ ನಿಮ್ಮ ಮಟ್ಟದ ಮನೆಯಲ್ಲೂ ಇದೇ ಲೆಕ್ಕ. ಮಾರುವವರು ತುಂಬುವ ಟಿಎ6 ಎಂಬ ಫಾರಂ ಇದೆ. ಬೇಲಿ ಯಾರದು, ನೆರೆಯವರ ಜೊತೆ ಜಗಳ ಇದೆಯೇ, ನೀರು ನುಗ್ಗಿತ್ತೇ, ಜಪಾನೀಸ್ ನಾಟ್‌ವೀಡ್ ಎಂಬ ಕಳೆ ಇದೆಯೇ ಎಂದೆಲ್ಲ ಅದರಲ್ಲಿ ಪ್ರಶ್ನೆಗಳು. ಆ ಕಳೆಯ ಪ್ರಶ್ನೆಗೆ "ಇಲ್ಲ" ಎಂದು ಟಿಕ್ ಹಾಕಿದ ಲಂಡನ್ನಿನ ಒಬ್ಬರ ಮೇಲೆ 2023ರಲ್ಲಿ ಸುಮಾರು ಎರಡು ಲಕ್ಷ ಪೌಂಡಿನ ಹೊರೆ ಬಿತ್ತು. "ಗೊತ್ತಿಲ್ಲ" ಎಂಬ ಖಾನೆಯೂ ಅಲ್ಲೇ ಪಕ್ಕದಲ್ಲಿತ್ತು. ಮಾರುವವರಾಗಿ ನೀವು ಫಾರಂ ತುಂಬುವಾಗ ನಿಜಕ್ಕೂ ಗೊತ್ತಿಲ್ಲದಿದ್ದರೆ ಆ ಖಾನೆಗೆ ನಾಚಿಕೊಳ್ಳಬೇಕಿಲ್ಲ. ಗೊತ್ತಿದ್ದೂ ಅಲ್ಲಿ ಟಿಕ್ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಾಟಿಂಗ್ ಹಿಲ್ ಇದೆ.

ಬೆಂಗಳೂರಿನ ಫ್ಲ್ಯಾಟ್ ಮತ್ತು ಇಪ್ಪತ್ತೈದು ಸಾವಿರ ಪೌಂಡ್

ತಡವಾಗಿ ತಿಳಿಯುವ ಸತ್ಯಗಳಲ್ಲಿ ನಮ್ಮವರಿಗೆ ಅತಿ ದುಬಾರಿ ಯಾವುದು ಅಂದರೆ ಸ್ಟಾಂಪ್ ಡ್ಯೂಟಿ. ಇಲ್ಲಿ ಹುಳುಕು ಮನೆಯದಲ್ಲ, ಕೊಳ್ಳುವವರ ಹಳೆಯ ಆಸ್ತಿಯದು.

2025ರ ಏಪ್ರಿಲ್ 1ರಿಂದ ದರ ಹೀಗಿದೆ. ಮೊದಲ 1,25,000 ಪೌಂಡಿಗೆ ಏನೂ ಇಲ್ಲ. ಅಲ್ಲಿಂದ 2,50,000ದವರೆಗಿನ ಭಾಗಕ್ಕೆ ಶೇ 2, ಅದರಾಚೆ 9,25,000ದವರೆಗೆ ಶೇ 5, ಮೇಲೆ ಇನ್ನೂ ಜಾಸ್ತಿ. ಮೊದಲ ಮನೆ ಕೊಳ್ಳುವವರಿಗೆ 3,00,000ದವರೆಗೆ ಪೂರ್ತಿ ವಿನಾಯಿತಿ, 5,00,000ದವರೆಗಿನ ಉಳಿದ ಭಾಗಕ್ಕೆ ಶೇ 5. ಮನೆಯ ಬೆಲೆ ಐದು ಲಕ್ಷ ದಾಟಿದರೆ ಈ ವಿನಾಯಿತಿಯೇ ಇಲ್ಲ.

ನಾಲ್ಕು ಲಕ್ಷ ಪೌಂಡಿನ ಮನೆ ಇಟ್ಟುಕೊಳ್ಳಿ. ಮೊದಲ ಮನೆ ಆದರೆ ತೆರಿಗೆ 5,000. ಸಾಮಾನ್ಯ ದರದಲ್ಲಿ 10,000. ನಿಮ್ಮ ಹೆಸರಲ್ಲಿ ಈಗಾಗಲೇ ಇನ್ನೊಂದು ಮನೆ ಇದ್ದರೆ ಪೂರ್ತಿ ಬೆಲೆಯ ಮೇಲೆ ಇನ್ನೊಂದು ಶೇ 5 ಸೇರಿ 30,000.

'ಇನ್ನೊಂದು ಮನೆ' ಅಂದರೆ ಇಂಗ್ಲೆಂಡಿನಲ್ಲಿರುವ ಮನೆ ಎಂದೇ ಹಲವರು ತಿಳಿಯುತ್ತಾರೆ. ಕಾನೂನು ಇಡೀ ಪ್ರಪಂಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವೈಟ್‌ಫೀಲ್ಡ್‌ನಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟ್ ಬಾಡಿಗೆಗೆ ಹೋಗಿದ್ದರೂ ಅದು ಮನೆಯೇ. ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚುವರಿ ಶೇ 5 ಬೀಳುತ್ತದೆ. ಪಾಲು ಅದಕ್ಕಿಂತ ಕಮ್ಮಿಯಿದ್ದರೂ ಮೊದಲ ಮನೆಯ ವಿನಾಯಿತಿ ಹೋದ ಹಾಗೆಯೇ. 5,000 ಎಂದುಕೊಂಡದ್ದು 30,000 ಆಗುವುದು ಹೀಗೆ. ಖಾಲಿ ಸೈಟು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ವಾಸದ ಮನೆಯಲ್ಲ.

ಫ್ಲ್ಯಾಟ್ ಹೆಂಡತಿ ಹೆಸರಲ್ಲಿದೆ, ಇಲ್ಲಿನ ಮನೆ ಗಂಡನ ಹೆಸರಲ್ಲಷ್ಟೇ ಕೊಂಡರೆ? ಪ್ರಯೋಜನ ಇಲ್ಲ. ಒಟ್ಟಿಗೆ ಬಾಳುವ ದಂಪತಿಯನ್ನು ಹೆಚ್ಚುವರಿ ತೆರಿಗೆಯ ಲೆಕ್ಕಕ್ಕೆ ಒಂದೇ ಘಟಕ ಎಂದು ನೋಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಹಾಸನದ ಮನೆಯಲ್ಲಿ ಪಾಲು ಬಂದಿದ್ದರೆ? ಪಿತ್ರಾರ್ಜಿತವಾಗಿ ಬಂದದ್ದೂ ಮಾಲೀಕತ್ವವೇ, ಆದ್ದರಿಂದ ಮೊದಲ ಮನೆಯ ವಿನಾಯಿತಿ ಹೋಯಿತು. ಹೆಚ್ಚುವರಿ ಶೇ 5ರ ಮಟ್ಟಿಗೆ ಒಂದು ಸಡಿಲಿಕೆ ಇದೆ: ಅರ್ಧಕ್ಕಿಂತ ಹೆಚ್ಚಿಲ್ಲದ ಪಾಲು ಕಳೆದ ಮೂರು ವರ್ಷದೊಳಗೆ ಬಂದಿದ್ದರೆ ಅದನ್ನು ಬಿಟ್ಟುಬಿಡುತ್ತಾರೆ. ಪಾಲಾಗದ ಕೂಡುಕುಟುಂಬದ ಆಸ್ತಿ ಬಂದಾಗ ಇಂಗ್ಲಿಷ್ ಸಾಲಿಸಿಟರ್ ತಲೆ ಕೆರೆದುಕೊಳ್ಳುವುದು ಸಹಜ. ಅಂಥ ಕಡೆ ತೆರಿಗೆ ತಜ್ಞರನ್ನು ಕೇಳಲು ಕೊಡುವ ಫೀಸು ದಂಡಕ್ಕಿಂತ ಅಗ್ಗ. ಕೀಲಿ ಸಿಕ್ಕ 14 ದಿನದೊಳಗೆ ತೆರಿಗೆ ರಿಟರ್ನ್ ಕೊಟ್ಟು ಹಣ ಕಟ್ಟಬೇಕು, ಅದರಲ್ಲಿ ಹೇಳಿದ್ದಕ್ಕೆಲ್ಲ ಜವಾಬ್ದಾರರು ನೀವೇ.

ಹೊಸದಾಗಿ ಬಂದವರಿಗೆ ಇನ್ನೊಂದಿದೆ. ಕೊಳ್ಳುವ ಮೊದಲಿನ 12 ತಿಂಗಳಲ್ಲಿ 183 ದಿನ ಬ್ರಿಟನ್‌ನಲ್ಲಿ ಇರದಿದ್ದರೆ ಮತ್ತೊಂದು ಶೇ 2. ಆಮೇಲೆ ಇಲ್ಲೇ ಉಳಿದು ಆ ದಿನಗಳನ್ನು ಪೂರೈಸಿದರೆ ವಾಪಸ್ ಕೇಳಬಹುದು. ಹಲವರು ಕೇಳುವುದನ್ನೇ ಮರೆಯುತ್ತಾರೆ.

ಊರಿಂದ ಬರುವ ದುಡ್ಡು

ಸಾಲಿಸಿಟರ್ ಹಣದ ಮೂಲ ಕೆದಕಿ ಕೇಳಿದಾಗ ಅವಮಾನವಾದಂತೆ ಅನ್ನಿಸುತ್ತದೆ. ಅವರಿಗೆ ಬೇರೆ ದಾರಿ ಇಲ್ಲ. ಕಪ್ಪುಹಣ ತಡೆಯುವ 2017ರ ನಿಯಮಗಳು ಅವರ ತಲೆ ಮೇಲೆ ಕೂತಿವೆ. ತಂದೆ ತಾಯಿ ಕೊಟ್ಟ ಹಣವಾದರೆ ಇದು ಉಡುಗೊರೆ, ಸಾಲವಲ್ಲ, ಮನೆಯಲ್ಲಿ ನಮಗೆ ಪಾಲು ಬೇಡ ಎಂಬ ಪತ್ರ ಬೇಕು. ಅವರಿಗೆ ಆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಬರುತ್ತದೆ. ಸೈಟು ಮಾರಿದ್ದಾದರೆ ಕ್ರಯಪತ್ರ ತೋರಿಸಬೇಕು. ಅದು ಕನ್ನಡದಲ್ಲಿದ್ದರೆ ಅನುವಾದವೂ ಬೇಕಾದೀತು.

ಭಾರತದ ಕಡೆಯಿಂದಲೂ ಮಿತಿಗಳಿವೆ. ಅಲ್ಲಿ ನೆಲೆಸಿದವರು ಒಂದು ಹಣಕಾಸು ವರ್ಷದಲ್ಲಿ ತಲಾ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಅನಿವಾಸಿಗಳ ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ, ಅದೂ ತೆರಿಗೆಯ ಕಾಗದಪತ್ರ ಕೊಟ್ಟ ಮೇಲೆ. ಈ ಕೆಲಸ ಆಫರ್ ಒಪ್ಪಿದ ಮೇಲೆ ಶುರು ಮಾಡಿದರೆ ಇಡೀ ಚೈನ್ ನಿಮಗಾಗಿ ಕಾಯುತ್ತಾ ಕೂರುತ್ತದೆ.

ಮೂಲ ಪತ್ರ ಎಲ್ಲಿ?

ಕೀಲಿ ಬಂತು, ಮನೆಯ ಪತ್ರ ಬರಲೇ ಇಲ್ಲ. ಊರಲ್ಲಿ ಮದರ್ ಡೀಡ್, ಇ.ಸಿ., ಖಾತಾ ಎಂದು ಕಟ್ಟುಗಟ್ಟಲೆ ಕಾಗದ ಬೀರುವಿನಲ್ಲಿ ಇಟ್ಟು ಅಭ್ಯಾಸ ಇರುವವರಿಗೆ ಇದು ಗಾಬರಿಯ ವಿಷಯ.

ವ್ಯತ್ಯಾಸ ಇಷ್ಟು. ನಮ್ಮಲ್ಲಿ ನೋಂದಣಿಯಾಗುವುದು ಪತ್ರ. ಆ ಪತ್ರ ಬರೆದುಕೊಟ್ಟವರಿಗೆ ನಿಜವಾಗಿ ಹಕ್ಕಿತ್ತೇ ಎಂದು ಸರ್ಕಾರ ಖಾತರಿ ಕೊಡುವುದಿಲ್ಲ. ಅದಕ್ಕೇ ಮೂವತ್ತು ವರ್ಷದ ಕಾಗದ ಕೆದಕುತ್ತೇವೆ. ಇಂಗ್ಲೆಂಡಿನಲ್ಲಿ ನೋಂದಣಿಯಾಗುವುದು ಹಕ್ಕೇ. ಆಸ್ತಿ ಹಕ್ಕು ದಾಖಲಿಸುವ ಸರ್ಕಾರಿ ಇಲಾಖೆಯಾದ ಲ್ಯಾಂಡ್ ರಿಜಿಸ್ಟ್ರಿಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಇದ್ದರೆ ನೀವು ಮಾಲೀಕರು. ಅದರಲ್ಲಿ ತಪ್ಪಾಗಿ ನಷ್ಟವಾದರೆ ಸರ್ಕಾರವೇ ಪರಿಹಾರ ಕೊಡುತ್ತದೆ. ಆ ದಾಖಲೆಯ ಪ್ರತಿಯ ಬೆಲೆ 7 ಪೌಂಡ್, ಯಾರು ಬೇಕಾದರೂ ತೆಗೆಯಬಹುದು.

ಆ ಕೊನೆಯ ಮಾತಿನಲ್ಲೇ ಅಪಾಯವೂ ಇದೆ. 2021ರಲ್ಲಿ ಲೂಟನ್‌ನ ಒಬ್ಬ ಪಾದ್ರಿ ಕೆಲಸದ ಮೇಲೆ ವೇಲ್ಸ್‌ಗೆ ಹೋಗಿದ್ದಾಗ ಅವರ ಹೆಸರಿನ ಸುಳ್ಳು ಗುರುತಿನ ಚೀಟಿ ತೋರಿಸಿ ಮನೆಯನ್ನೇ ಮಾರಿಬಿಟ್ಟಿದ್ದರು. ಅಕ್ಕಪಕ್ಕದವರು ಫೋನ್ ಮಾಡಿದ ಮೇಲೆ ಬಂದು ನೋಡಿದರೆ ಒಳಗೆ ರಿಪೇರಿ ನಡೆಯುತ್ತಿತ್ತು. ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ವಾಪಸಾಗುವವರು ರಿಜಿಸ್ಟ್ರಿಯ ಉಚಿತ ಎಚ್ಚರಿಕೆ ಸೇವೆಗೆ ಹೆಸರು ಕೊಡಬೇಕು. ಆರ್‌ಕ್ಯೂ ಎಂಬ ಫಾರಂ ಹಾಕಿದರೆ, ಮಾರುವವರು ನೀವೇ ಎಂದು ವಕೀಲರೊಬ್ಬರು ದೃಢೀಕರಿಸದೆ ಮಾರಾಟ ನೋಂದಣಿಯಾಗುವುದಿಲ್ಲ. ಅಲ್ಲಿ ವಾಸವಿಲ್ಲದ ಮಾಲೀಕರಿಗೆ ಇದಕ್ಕೆ ಫೀಸೂ ಇಲ್ಲ.

ಫ್ಲ್ಯಾಟ್ ಕೊಳ್ಳುವವರಿಗೆ

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಅಂದರೆ ಬಹುಪಾಲು ಲೀಸ್‌ಹೋಲ್ಡ್. ನೀವು ಕೊಳ್ಳುವುದು ಇಂತಿಷ್ಟು ವರ್ಷದ ಹಕ್ಕನ್ನು. 80 ವರ್ಷಕ್ಕಿಂತ ಕಮ್ಮಿ ಉಳಿದಿದ್ದರೆ ಅವಧಿ ಹೆಚ್ಚಿಸಲು 'ಮ್ಯಾರೇಜ್ ವ್ಯಾಲ್ಯೂ' ಎಂಬ ಹೆಚ್ಚುವರಿ ಕೊಡಬೇಕು. ಅದನ್ನು ತೆಗೆದುಹಾಕುವ ಕಾನೂನು 2024ರಲ್ಲೇ ಪಾಸಾಗಿದೆ, ಆದರೆ ಆ ಭಾಗ 2026ರ ಆರಂಭದಲ್ಲೂ ಜಾರಿಗೆ ಬಂದಿರಲಿಲ್ಲ. 2026ರ ಜನವರಿಯಲ್ಲಿ ಬಂದ ಕರಡು ಮಸೂದೆಯಲ್ಲಿ, ಕಟ್ಟಡದ ಮೂಲ ಮಾಲೀಕರಿಗೆ ಫ್ಲ್ಯಾಟಿನವರು ಕೊಡುವ ನೆಲಬಾಡಿಗೆಗೆ ವರ್ಷಕ್ಕೆ 250 ಪೌಂಡಿನ ಮಿತಿ ಇದೆ. ಪಾಸಾದ ಕಾನೂನು, ಜಾರಿಯಾದ ಕಾನೂನು, ಕರಡು: ಈ ಮೂರನ್ನೂ ಏಜೆಂಟರು ಒಂದೇ ಉಸಿರಿನಲ್ಲಿ ಹೇಳಿದರೆ ಬಿಡಿಸಿ ಕೇಳಿ.

ಬದಲಾದರೆ ಯಾರಿಗೆ ಲಾಭ

ಈಗ ಪ್ರಸ್ತಾಪಕ್ಕೆ ಬರೋಣ. ವಿವರ ಮೊದಲೇ ಕೊಡಿ ಅನ್ನುವುದು ಹೊಸ ಯೋಚನೆಯಲ್ಲ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ ಮಾರುವವರೇ ಸರ್ವೆ ಮಾಡಿಸಿ 'ಹೋಮ್ ರಿಪೋರ್ಟ್' ಇಡಬೇಕು, ಮಾತೂ ಬೇಗ ಗಟ್ಟಿಯಾಗುತ್ತದೆ. ಬದಲಾವಣೆ ಬೇಕೆನ್ನುವವರು ಅದನ್ನೇ ತೋರಿಸುತ್ತಾರೆ.

ಬೇಡವೆನ್ನುವವರು ಇಂಗ್ಲೆಂಡಿನದೇ ಹಳೆಯ ಗಾಯ ತೋರಿಸುತ್ತಾರೆ. 2007ರಲ್ಲಿ ಇಲ್ಲಿ 'ಹೋಮ್ ಇನ್ಫರ್ಮೇಷನ್ ಪ್ಯಾಕ್' ಕಡ್ಡಾಯವಾಗಿತ್ತು. ಮನೆಯ ಸ್ಥಿತಿಯ ವರದಿಯನ್ನೇ ಅದರ ಕಡ್ಡಾಯ ಪಟ್ಟಿಯಿಂದ ಬಿಟ್ಟಿದ್ದರು. ಹಾಗಾಗಿ ಕೊಳ್ಳುವವರು, ಬ್ಯಾಂಕಿನವರು ಮತ್ತೆ ತಮ್ಮ ಸರ್ವೆ ತಾವೇ ಮಾಡಿಸಿದರು. ಖರ್ಚು ಎರಡಾಯಿತು, ಸಮಯ ಉಳಿಯಲಿಲ್ಲ. 2010ರಲ್ಲಿ ಬಂದ ಹೊಸ ಸರ್ಕಾರ ಬಂದ ಕೂಡಲೇ ಅದನ್ನು ನಿಲ್ಲಿಸಿತು. ವಿದ್ಯುತ್, ಬಿಸಿಯ ಖರ್ಚು ತೋರಿಸುವ ಇಪಿಸಿ ಸರ್ಟಿಫಿಕೇಟ್ ಒಂದು ಉಳಿದುಕೊಂಡಿತು. ಸಾಲಿಸಿಟರ್‌ಗಳಿಗೂ ಅಳುಕಿದೆ. 2024ರಲ್ಲಿ ಟಿಎ6 ಫಾರಂ ಹಿಗ್ಗಿಸಿದಾಗ ಲಾ ಸೊಸೈಟಿಯ ಸದಸ್ಯರೇ ತಿರುಗಿ ಬಿದ್ದಿದ್ದರು. ಜಾಸ್ತಿ ಪ್ರಶ್ನೆಗೆ ಉತ್ತರಿಸಿದಷ್ಟೂ ನಾಳೆ ಕೋರ್ಟಿನಲ್ಲಿ ಜಾಸ್ತಿ ಹೊಣೆ ಎಂಬುದು ಅವರ ವಾದ.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೆ ಈ ಸಲ ಗೆಲ್ಲುವುದು ಸೋಲುವುದು ಒಂದೇ ಅಂಶದ ಮೇಲೆ ನಿಂತಿದೆ ಅನ್ನಿಸುತ್ತದೆ. ಮಾರುವವರು ಮಾಡಿಸಿದ ವರದಿಯನ್ನು ಕೊಳ್ಳುವವರ ಬ್ಯಾಂಕ್ ನಂಬುತ್ತದೆಯೇ? ನಂಬಿದರೆ ಒಂದೇ ಖರ್ಚು, ಅದೂ ಬೆಲೆ ನಿಲ್ಲುವ ಮೊದಲು. ನಂಬದಿದ್ದರೆ 2007ರ ಕಥೆಯೇ ಮತ್ತೆ.

ನಂಬಿದರೂ ಹೊರೆ ಮಾಯವಾಗುವುದಿಲ್ಲ, ಚೈನ್‌ನಲ್ಲಿ ಮೇಲಕ್ಕೆ ಸರಿಯುತ್ತದೆ. ಕೆಳತುದಿಯಲ್ಲಿ ಬಾಡಿಗೆ ಮನೆಯಿಂದ ಮೊದಲ ಮನೆಗೆ ಹೋಗುವವರಿಗೆ ಮಾರುವುದೇನೂ ಇಲ್ಲ, ಹಾಗಾಗಿ ಉಳಿತಾಯ ಪೂರ್ತಿ ಅವರದು. ನಡುವಿನವರು ಮಾರುವ ಕಡೆ ಕೊಟ್ಟದ್ದನ್ನು ಕೊಳ್ಳುವ ಕಡೆ ಉಳಿಸಿಕೊಳ್ಳುತ್ತಾರೆ. ಮೇಲ್ತುದಿಯಲ್ಲಿ ತೀರಿಕೊಂಡ ಅಮ್ಮನ ಮನೆ ಮಾರುತ್ತಿರುವ ಮಕ್ಕಳೋ, ಮನೆ ಮಾರಿ ಊರಿಗೆ ಹೊರಟವರೋ ಇರುತ್ತಾರೆ. ಅವರು ಸರ್ವೆಗೆ, ಸರ್ಚ್‌ಗಳಿಗೆ ಕೈಯಿಂದ ದುಡ್ಡು ಹಾಕಬೇಕು, ಕೊಳ್ಳುವವರು ಇನ್ನೂ ಬಾಗಿಲು ತಟ್ಟುವ ಮೊದಲೇ.